ನಮಗಿಂತ ಮುಂಚೆ ಬಂದು ಹೋದವರು

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ಎದ್ದು ಒಳಗೆ ಹೋಗಿ ಕಾಫಿಗೆ ನೀರಿಡುವವಳು ನಾನು. ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಸಂಜೆಯಾದರೆ ಹೆಂಗಸರು ಕಟ್ಟೆಯ ಮೇಲೆ ಸೇರಿ ಯಾರ ಮೈಮೇಲೆ ಏನು ಬಂತು, ಯಾರಿಗೆ ಯಾವ ಹುಣಸೇಮರದ ಕೆಳಗೆ ಏನು ಕಂಡಿತು ಎಂದು ಮಾತಾಡುತ್ತಿದ್ದರು. ನನಗೆ ಆಗಲೂ ಅದರಲ್ಲಿ ಆಸಕ್ತಿಯಿರಲಿಲ್ಲ. ಅಪ್ಪ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. “ನೀ ಕಣ್ಣಾರೆ ಕಂಡಿದ್ದು ಹೇಳವಾ, ಮಂದಿ ಹೇಳಿದ್ದು ಬ್ಯಾಡ” ಎನ್ನುತ್ತಿದ್ದರು. ಮುಂದೆ ನಾನೂ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸಕ್ಕೇ ಸೇರಿದೆ. ಅಲ್ಲಿ ಅನುಮಾನ ಬಂದರೆ ಇನ್ನೊಮ್ಮೆ ಪರೀಕ್ಷೆ ಮಾಡಬಹುದು. ಈಗ ನಾನು ಬರೆಯುತ್ತಿರುವುದನ್ನು ಇನ್ನೊಮ್ಮೆ ಪರೀಕ್ಷೆ ಮಾಡುವ ದಾರಿ ನನಗೆ ಗೊತ್ತಿಲ್ಲ. ನೀವು ನಂಬಲೇಬೇಕು ಎಂದೂ ಹೇಳುವುದಿಲ್ಲ. ಬೇರೆ ಯಾರಾದರೂ ನನಗೆ ಇದನ್ನು ಹೇಳಿದ್ದರೆ ನಾನು ಖಂಡಿತ ಎದ್ದು ಒಳಗೆ ಹೋಗುತ್ತಿದ್ದೆ.

ತೊಂಬತ್ತರ ದಶಕದ ನಡುವಿನ ಮಾತು. ನಾವಾಗ ಅಟ್ಲಾಂಟಾದ ಹೊರವಲಯದಲ್ಲಿ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನನ್ನ ಗಂಡ ಗಿರೀಶ್ ಮೈಸೂರಿನವರು, ಸೇತುವೆಗಳ ನಕ್ಷೆ ಮಾಡುವ ಆಫೀಸಿನಲ್ಲಿ ಎಂಜಿನಿಯರ್. ಮಗಳು ನಿಧಿ ಒಂದನೇ ಕ್ಲಾಸು. ಆ ವರ್ಷ ಅತ್ತೆ ಮೈಸೂರಿನಿಂದ ಬಂದಿದ್ದರು. ಬಂದ ಹೊಸದರಲ್ಲಿ ಎಲ್ಲಕ್ಕೂ ಸಂಭ್ರಮಪಟ್ಟವರು, ಕೆಲವೇ ವಾರಗಳಲ್ಲಿ ಬಾಲ್ಕನಿಯಲ್ಲಿ ನಿಂತು, “ಇದೇನಮ್ಮ, ಈ ಊರಲ್ಲಿ ಮನುಷ್ಯರೇ ಕಾಣಲ್ವಲ್ಲ, ಬರೀ ಕಾರು” ಎನ್ನತೊಡಗಿದ್ದರು.

ಅವರನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಬೇಕೆಂದು ಗಿರೀಶ್ ತೆಗೆದ ಉಪಾಯವೇ ಈ ಪ್ರಯಾಣ. ಮದುವೆಗೆ ಮುಂಚೆ ಅವರು ಕೆಲಸದ ಮೇಲೆ ಜರ್ಮನಿಯ ಫ್ರೈಬುರ್ಗ್ ಎಂಬ ಊರಿನಲ್ಲಿ ಕೆಲವು ತಿಂಗಳಿದ್ದರು. ಆ ಊರಿನ ಬೆನ್ನಿಗೇ ಇರುವ ಕಪ್ಪು ಕಾಡು, ಬೆಟ್ಟದ ಹಳ್ಳಿಗಳು, ಕಿಟಕಿಗಳಲ್ಲಿ ತುಂಬಿದ ಕೆಂಪು ಹೂಗಳು, ಇದನ್ನೆಲ್ಲ ಮನೆಯಲ್ಲಿ ಎಷ್ಟು ಸಲ ಹೇಳಿದ್ದರೆಂದರೆ ನಿಧಿಗೂ ಬಾಯಿಪಾಠವಾಗಿತ್ತು. ಅಟ್ಲಾಂಟಾದಿಂದ ಉತ್ತರಕ್ಕೆ, ಬೆಟ್ಟಗಳ ಬುಡದಲ್ಲಿ ಒಂದು ಊರಿದೆ. ಊರಿಗೆ ಊರೇ ಜರ್ಮನ್ ಹಳ್ಳಿಯ ಹಾಗೆ ವೇಷ ಹಾಕಿಕೊಂಡಿದೆ ಎಂದು ಆಫೀಸಿನಲ್ಲಿ ಯಾರೋ ಹೇಳಿದ್ದರು. “ಅಮ್ಮಂಗೆ ವೀಸಾ ಇಲ್ದೇನೇ ಜರ್ಮನಿ ತೋರಿಸಿಬಿಡ್ತೀನಿ ನೋಡು” ಎಂದು ಗಿರೀಶ್ ಮ್ಯಾಪ್ ಹರಡಿಕೊಂಡು ಕೂತರು. ಬೆಳಿಗ್ಗೆ ಆ ಊರು, ಅಲ್ಲಿಂದ ಕಾಡಿನ ದಾರಿಯಲ್ಲಿ ಬೆಟ್ಟ ಹತ್ತಿ ಉತ್ತರ ಕೆರೊಲಿನಾದೊಳಕ್ಕೆ, ಅಲ್ಲೊಂದು ಜಲಪಾತ, ಕತ್ತಲಾಗುವುದರೊಳಗೆ ಮನೆಗೆ ವಾಪಸು.

ಅಕ್ಟೋಬರಿನ ಒಂದು ಶನಿವಾರ ಹೊರಟೆವು. ಚಿತ್ರಾನ್ನ, ಚಪಾತಿ, ಆಲೂಗಡ್ಡೆ ಪಲ್ಯ, ಮೊಸರನ್ನ ಎಲ್ಲ ಕಟ್ಟಿಕೊಂಡಿದ್ದೆ. ಬಿಸಿಲು ಚೆನ್ನಾಗಿತ್ತು. ದಾರಿಯ ಎರಡೂ ಕಡೆ ಮರಗಳು ಹಳದಿಗೆ, ಕೆಂಪಿಗೆ ತಿರುಗಿದ್ದವು. “ಕಾಡಿಗೆ ಬೆಂಕಿ ಬಿದ್ದಂಗಿದೆ” ಎಂದು ಅತ್ತೆ ಕಿಟಕಿಗೆ ಮೂಗು ಒತ್ತಿಕೊಂಡು ಕೂತಿದ್ದರು. ನಿಧಿ ಹಿಂದಿನ ಸೀಟಿನಲ್ಲಿ ಅಜ್ಜಿಗೆ ಮರಗಳ ಇಂಗ್ಲಿಷ್ ಹೆಸರು ಹೇಳಿಕೊಡುತ್ತಿದ್ದಳು.

ಬೆಟ್ಟ ಕಾಣಲು ಶುರುವಾದ ಕಡೆ, ರಸ್ತೆ ಬದಿಯಲ್ಲಿ ಒಬ್ಬ ಹೆಂಗಸು ದೊಡ್ಡ ಹಂಡೆಯಲ್ಲಿ ಕಡಲೆಕಾಯಿ ಬೇಯಿಸಿ ಮಾರುತ್ತಿದ್ದಳು. ಹಬೆಯಾಡುವ ಕಡಲೆಕಾಯಿ ನೋಡಿ ಅತ್ತೆಗೆ ಪ್ರಾಣ ಬಂದಂತಾಯಿತು. “ನಿಲ್ಸೋ, ನಿಲ್ಸೋ” ಎಂದರು. ಗಿರೀಶ್ ಇಳಿದು ಒಂದು ಪೊಟ್ಟಣ ಕೇಳಿದಾಗ ಆ ಹೆಂಗಸು ನಕ್ಕು, ಇಷ್ಟು ಬೇಗ ತಿಂದು ಮುಗಿಸಿಬಿಟ್ಟಿರಾ ಎಂದು ಕೇಳಿದಳು. ಕಾರಿನ ಹತ್ತಿರ ಬಂದು ಬಗ್ಗಿ ನಿಧಿಯನ್ನು ನೋಡಿ, ಈ ಚಿನ್ನದಂಥ ಹುಡುಗಿ ಮತ್ತೆ ಬಂದಳಲ್ಲ ಎಂದು ಒಂದು ಸೇಬು ಕೈಗಿತ್ತಳು. “ನಾವು ಇವತ್ತೇ ಮೊದಲ ಸಲ ಬರ್ತಿರೋದು” ಎಂದು ಗಿರೀಶ್ ಹೇಳಿದರೆ, ಅದೊಂದು ತಮಾಷೆ ಎಂಬಂತೆ ಅವರ ತೋಳು ತಟ್ಟಿದಳು.

ಕಾರು ಹೊರಟ ಮೇಲೆ ನಾವು ನಕ್ಕೆವು. ಆ ಕಾಲದಲ್ಲಿ ಬೆಟ್ಟದ ಕಡೆಯ ಊರುಗಳಲ್ಲಿ ನಮ್ಮಂಥವರು ಕಾಣುವುದೇ ಅಪರೂಪ. ಅವರಿಗೆ ನಾವೆಲ್ಲ ಒಂದೇ ಥರ ಕಾಣುತ್ತೇವೆ ಎಂದುಕೊಂಡೆವು. ಯಾರೋ ಗುಜರಾತಿಯವರೋ ತೆಲುಗಿನವರೋ ನಮಗಿಂತ ಮುಂಚೆ ಹೋಗಿರಬೇಕು, ಅಷ್ಟೆ.

ಆ ಊರು ನಿಜಕ್ಕೂ ಚೆನ್ನಾಗಿತ್ತು. ಇಳಿಜಾರು ಮಾಡುಗಳು, ಗೋಡೆಯ ಮೇಲೆ ಬಿಡಿಸಿದ ಹೂಬಳ್ಳಿ, ಮರದ ಬಾಲ್ಕನಿಗಳು, ಊರ ನಡುವೆ ಒಂದು ಸಣ್ಣ ಹೊಳೆ. ಅಂಗಡಿಗಳಲ್ಲಿ ಹಕ್ಕಿ ಹೊರಗೆ ಬಂದು ಕೂಗುವ ಗಡಿಯಾರಗಳು. ಚರ್ಮದ ಚಡ್ಡಿ ತೊಟ್ಟ ಗಂಡಸರು ಬೀದಿಯಲ್ಲಿ ಸಂಗೀತ ನುಡಿಸುತ್ತಿದ್ದರು. ಅತ್ತೆ ಅವರನ್ನು ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಗಿರೀಶ್ ಮಾತ್ರ ಪ್ರತಿಯೊಂದಕ್ಕೂ, “ಅಲ್ಲಿ ಹೀಗಿರಲ್ಲ, ಇದು ಪ್ಲಾಸ್ಟಿಕ್ಕು” ಎಂದು ತಪ್ಪು ತೆಗೆಯುತ್ತಿದ್ದರು. ಆದರೂ ಅವರ ಮುಖದಲ್ಲಿ ಹಳೆಯ ಊರಿಗೆ ಬಂದವರ ಗೆಲುವಿತ್ತು.

ಕಟ್ಟಿಕೊಂಡು ಬಂದ ಬುತ್ತಿ ಮಧ್ಯಾಹ್ನಕ್ಕಿರಲಿ ಎಂದು ಹೊಳೆಯ ದಂಡೆಯ ಒಂದು ಹೋಟೆಲಿಗೆ ಹೋದೆವು. ನಾವು ಬಾಗಿಲಲ್ಲಿರುವಾಗಲೇ ವಯಸ್ಸಾದ ವೇಟರ್ ಒಬ್ಬ ನಮ್ಮನ್ನು ಕಂಡು ಕೈಯೆತ್ತಿದ. ನೇರ ಕಿಟಕಿ ಪಕ್ಕದ ಟೇಬಲಿಗೆ ಕರೆದೊಯ್ದು, ಅದೇ ಜಾಗ ಇಟ್ಟಿದ್ದೇನೆ ಎಂದ. ನಾವು ಮೆನು ತೆರೆಯುವ ಮುಂಚೆಯೇ ಅತ್ತೆಯ ಮುಂದೆ ಒಂದು ಲೋಟ ಬಿಸಿನೀರು ತಂದಿಟ್ಟ. ಅತ್ತೆ ಎಲ್ಲಿ ಹೋದರೂ ಬಿಸಿನೀರನ್ನೇ ಕುಡಿಯುವವರು. ಅಮೆರಿಕದಲ್ಲಿ ಅದನ್ನು ಕೇಳಿ ಪಡೆಯುವುದೇ ನಮಗೊಂದು ಕೆಲಸ. ಆಲೂಗಡ್ಡೆ ದೋಸೆಯಂಥದ್ದನ್ನು ಮಾಂಸದ ಕೊಬ್ಬು ಸೋಕಿಸದೆ ಬೇರೆ ಬಾಣಲೆಯಲ್ಲೇ ಮಾಡಲು ಅಡುಗೆಯವನಿಗೆ ಹೇಳಿದ್ದೇನೆ ಎಂದೂ ಅವನೇ ಹೇಳಿದ. ಅತ್ತೆಗಂತೂ ಖುಷಿಯೋ ಖುಷಿ. “ಎಷ್ಟು ತಿಳುವಳಿಕೆ ನೋಡು ಇವನಿಗೆ” ಎಂದರು.

ನಾನು ಗಿರೀಶರ ಮುಖ ನೋಡಿದೆ. ಅವರು ವೇಟರಿಗೆ, “ನೀವು ಬೇರೆ ಯಾರನ್ನೋ ನಾವೂಂತ ತಿಳಿದಿದ್ದೀರಿ” ಎಂದು ಹೇಳಿದರು. ಅವನು ಗಿರೀಶರನ್ನು ಒಂದು ಕ್ಷಣ ನೋಡಿ, ಆಮೇಲೆ ಅವರ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದು ನನಗೆ ಇವತ್ತಿಗೂ ಹಾಗೇ ನೆನಪಿದೆ. ಫ್ರೈಬುರ್ಗ್‌ನಲ್ಲಿದ್ದವರನ್ನು ನಾನು ಹೇಗೆ ಮರೆಯಲಿ, ನನ್ನ ತಾಯಿಯ ಊರು ಅದು, ಬೆಳಿಗ್ಗೆ ನೀವು ಹೇಳಿದ ಮೇಲೆ ಅವಳಿಗೆ ಫೋನ್ ಮಾಡಿ ಹೇಳಿದೆ, ಎಂದ.

ಗಿರೀಶ್ ಆಮೇಲೆ ಹೆಚ್ಚು ತಿನ್ನಲಿಲ್ಲ. ಹೊರಗೆ ಬಂದು ಕಾರಿನ ಬಾಗಿಲು ತೆಗೆಯುತ್ತ, “ಇನ್ಯಾವುದೋ ಇಂಡಿಯನ್ ಫ್ಯಾಮಿಲಿ. ಕೋಇನ್ಸಿಡೆನ್ಸ್ ಅಷ್ಟೇ” ಎಂದರು.

“ಅವರೂ ಫ್ರೈಬುರ್ಗ್‌ನಾಗ ಇದ್ರೇನ್ರಿ?” ಎಂದೆ.

“ಇರಬಾರ್ದಾ? ನಾನೊಬ್ನೇ ಏನು ಅಲ್ಲಿಗೆ ಹೋಗಿದ್ದು?” ಎಂದವರು, ನಗಲು ಪ್ರಯತ್ನಿಸಿದರು. “ನಡಿ, ಅವರನ್ನ ಹಿಡಿಯೋಣ. ಇದೇ ರೋಡಲ್ಲಿ ಮುಂದೆ ಹೋಗಿರ್ತಾರೆ. ಒಂದು ಫೋಟೋ ತೆಗೆಸ್ಕೊಳೋಣ ಜೊತೇಲಿ.”

ನಿಧಿಗೆ ಅದು ಆಟವಾಯಿತು. “ಆರ್ ವಿ ಚೇಸಿಂಗ್ ದೆಮ್, ಅಪ್ಪಾ?” ಎಂದು ಮುಂದಿನ ಸೀಟು ಹಿಡಿದು ನಿಂತಳು. ನಮ್ಮ ಮಾತು ಅತ್ತೆಯ ಕಿವಿಗೂ ಬಿದ್ದಿತ್ತು. ಇಂಗ್ಲಿಷ್ ತಿಳಿಯದ ಅವರಿಗೆ ಬೆಳಗಿನಿಂದ ನಡೆದದ್ದನ್ನು ಹೇಳಬೇಕಾಯಿತು. ನಾನು ಸಾಧ್ಯವಾದಷ್ಟು ತಮಾಷೆಯಾಗಿಯೇ ಹೇಳಿದೆ. ಅವರು ಪೂರ್ತಿ ಕೇಳಿ, “ಸಾಕು ಕಣೋ ಗಿರಿ, ಮನೆಗೆ ಹೋಗೋಣ” ಎಂದರು. ಅಷ್ಟು ದೂರ ಬಂದು ಜಲಪಾತ ನೋಡದೆ ಹೋಗುವುದೇ ಎಂದು ನಾವಿಬ್ಬರೂ ಅವರನ್ನು ಒಪ್ಪಿಸಿದೆವು. ನಿಜ ಹೇಳಬೇಕೆಂದರೆ, ಆ ಮುಂದೆ ಹೋದವರನ್ನು ಕಣ್ಣಿಂದ ನೋಡಬೇಕೆಂದು ನನಗೂ ಅನ್ನಿಸುತ್ತಿತ್ತು. ಒಂದು ಸಲ ನೋಡಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ.

ಊರು ದಾಟಿದ ಮೇಲೆ ಕಾಡು ದಟ್ಟವಾಯಿತು. ರಸ್ತೆ ಹಾವಿನ ಹಾಗೆ ಸುತ್ತುತ್ತ ಏರತೊಡಗಿತು. ಅಲ್ಲಲ್ಲಿ ಒಂದೊಂದು ಮನೆ, ಒಂದು ಚರ್ಚು, ಮತ್ತೆ ಕಾಡು. ಉತ್ತರ ಕೆರೊಲಿನಾದ ಗಡಿಯ ಫಲಕ ದಾಟಿದ ಮೇಲೆ ಮಂಜು ಶುರುವಾಯಿತು. ಮೊದಲು ಕಣಿವೆಯಲ್ಲಿ ಹತ್ತಿ ಹರಡಿದಂತೆ ಕಂಡದ್ದು, ನೋಡನೋಡುತ್ತಲೇ ರಸ್ತೆಗೆ ಬಂತು. ಜಲಪಾತಕ್ಕೆ ತಿರುಗುವ ದಾರಿ ಎಡಗಡೆ ಸಿಕ್ಕಿತು. ಮಂಜು ಕವಿಯುವ ಮುಂಚೆ ಮೇಲಿನ ನೋಟ ನೋಡಿ ಬಂದುಬಿಡೋಣ, ಇಳಿಯುವಾಗ ಜಲಪಾತಕ್ಕೆ ಹೋಗೋಣ ಎಂದು ಗಿರೀಶ್ ನಿಲ್ಲಿಸದೆ ಮೇಲೆ ಹೋದರು.

ಬೆಟ್ಟದ ನೆತ್ತಿಯಲ್ಲಿ ಕಾರು ನಿಲ್ಲಿಸಿ ಕಣಿವೆ ನೋಡುವುದಕ್ಕೆಂದು ಮಾಡಿದ ಜಾಗವಿತ್ತು. ನಾವು ತಲುಪುವಾಗ ಅಲ್ಲಿ ನೋಡಲು ಏನೂ ಉಳಿದಿರಲಿಲ್ಲ, ಎಲ್ಲ ಬೆಳ್ಳಗೆ. ಮುದುಕ ಮುದುಕಿ ಇಬ್ಬರು ತಮ್ಮ ಕಾರಿಗೆ ಒರಗಿ ಫ್ಲಾಸ್ಕಿನಿಂದ ಏನೋ ಕುಡಿಯುತ್ತಿದ್ದರು. ನಿಧಿ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ನಾನೊಬ್ಬಳೇ ಇಳಿದೆ.

ನನ್ನನ್ನು ಕಂಡ ತಕ್ಷಣ ಆ ಮುದುಕಿಯ ಕೈಯಲ್ಲಿದ್ದ ಲೋಟ ನಿಂತುಹೋಯಿತು. ಅದನ್ನು ಕಾರಿನ ಮೇಲಿಟ್ಟು ನೇರವಾಗಿ ನನ್ನ ಹತ್ತಿರ ಬಂದಳು. ನನ್ನ ಎರಡೂ ಕೈ ಹಿಡಿದುಕೊಂಡು, “ಓ ಹನಿ” ಎಂದಳು. ಏನಾದರೂ ಸುದ್ದಿ ಸಿಕ್ಕಿತೇ ಎಂದು ಕೇಳಿದಳು.

ಯಾವ ಸುದ್ದಿ ಎಂದು ಕೇಳಿದೆ. ಅವಳು ಅರ್ಥವಾಗದವಳಂತೆ ಗಂಡನ ಕಡೆ ತಿರುಗಿ ನೋಡಿದಳು. ಆಮೇಲೆ ಅವಳ ಕಣ್ಣು ನಮ್ಮ ಕಾರಿನ ಹಿಂದಿನ ಕಿಟಕಿಯ ಮೇಲೆ ಬಿತ್ತು. ಒಳಗೆ ಮಲಗಿದ್ದ ನಿಧಿಯನ್ನು ಕಂಡವಳೇ ನನ್ನ ಕೈ ಬಿಟ್ಟು ಬಾಯಿ ಮುಚ್ಚಿಕೊಂಡಳು. ದೇವರು ದೊಡ್ಡವನು, ಸಿಕ್ಕಿಬಿಟ್ಟಳು, ನೋಡಿ ಇಲ್ಲಿ, ಮಗು ಸಿಕ್ಕಿಬಿಟ್ಟಿದೆ ಎಂದು ಗಂಡನನ್ನು ಕೂಗಿದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಅಪರಿಚಿತ ಹೆಂಗಸೊಬ್ಬಳು ನನ್ನ ಮಗಳಿಗಾಗಿ ಅಳುತ್ತಿದ್ದಳು.

ಮುದುಕ ನಿಧಾನದ ಮನುಷ್ಯ. ಅವನೇ ಬಿಡಿಸಿ ಹೇಳಿದ. ಅವರು ಕೆಳಗೆ ಜಲಪಾತದ ಹತ್ತಿರ ನಮ್ಮನ್ನು ಕಂಡಿದ್ದರಂತೆ. ನನ್ನನ್ನು, ಗಿರೀಶರನ್ನು, ಸೀರೆಯುಟ್ಟ ಅತ್ತೆಯನ್ನು. ಹುಡುಗಿ ಕಾಣುತ್ತಿಲ್ಲ ಎಂದು ನಾನು ಅವರನ್ನೇ ನಿಲ್ಲಿಸಿ ಕೇಳಿದೆನಂತೆ. ಅವರೂ ಸ್ವಲ್ಪ ಹೊತ್ತು ಹುಡುಕಿ, ವಯಸ್ಸಾದವರು ಕಾಡಿನಲ್ಲಿ ಜಾರಿ ಬಿದ್ದರೆ ಕಷ್ಟ ಎಂದು ಅರಣ್ಯ ಇಲಾಖೆಯ ರೇಂಜರ್ ಹೇಳಿದ್ದರಿಂದ ಇಲ್ಲಿಗೆ ಹತ್ತಿ ಬಂದರಂತೆ. “ನೀವು ಹಾಕಿಕೊಂಡಿರೋ ಇದೇ ಸ್ವೆಟರ್” ಎಂದು ಅವನು ನನ್ನ ತೋಳು ತೋರಿಸಿದ. ಆ ಸ್ವೆಟರು ನನ್ನ ಅವ್ವ ಕೈಯಾರೆ ಹೆಣೆದು ಕಳಿಸಿದ್ದು.

ನಾನು ಕಾರಿನೊಳಕ್ಕೆ ಹೋಗಿ ಹಿಂದಿನ ಸೀಟಿನಲ್ಲಿ ಕೂತು ನಿಧಿಯನ್ನು ಎಳೆದು ನನ್ನ ತೊಡೆಯ ಮೇಲೆ ಹಾಕಿಕೊಂಡೆ. ಅವಳು ನಿದ್ದೆಯಲ್ಲೇ ಗೊಣಗಿದಳು. “ವಾಪಸ್ ನಡೀರಿ” ಎಂದೆ. ಮುದುಕ ಹೇಳಿದ್ದನ್ನು ಗಿರೀಶ್ ಕಿಟಕಿಯಿಂದ ಕೇಳಿಸಿಕೊಂಡಿದ್ದರು. ತಕ್ಷಣ ಕಾರು ತಿರುಗಿಸಿದರು. ಅತ್ತೆ ಏನಾಯಿತೆಂದು ಕೇಳಲಿಲ್ಲ. ಕಣ್ಣು ಮುಚ್ಚಿಕೊಂಡು ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತ ನಿಧಿಯ ಪಾದ ಹಿಡಿದುಕೊಂಡಿದ್ದರು.

ಇಳಿಯಲು ಅದೊಂದೇ ದಾರಿ. ಜಲಪಾತದ ತಿರುವಿನಲ್ಲಿ, ಮಂಜಿನೊಳಗೆ ರೇಂಜರ್ ಒಬ್ಬ ಟಾರ್ಚ್ ಬೀಸುತ್ತ ಬರುವ ಕಾರುಗಳನ್ನೆಲ್ಲ ನಿಲ್ಲಿಸುತ್ತಿದ್ದ. ನಮ್ಮ ಮುಂದಿದ್ದ ಕಾರಿನವರನ್ನು ಏನೋ ಕೇಳಿ ಕಳಿಸಿದ. ನಮ್ಮ ಹತ್ತಿರ ಬಂದವನು ಗಿರೀಶರನ್ನು ನೋಡಿ, ನೀವು ಯಾವಾಗ ಹೊರಗೆ ಹೋದಿರಿ ಎಂದು ಕೇಳಿದ. ಟಾರ್ಚ್ ಹಿಂದಿನ ಸೀಟಿಗೆ ಬಿಟ್ಟ. ಬೆಳಕಿಗೆ ನಿಧಿ ಎಚ್ಚರಗೊಂಡು ಕಣ್ಣುಜ್ಜಿದಳು. ಅವನು ಉಸಿರು ಬಿಟ್ಟ ಸದ್ದು ನನಗೆ ಕೇಳಿಸಿತು. “ನಿಡಿ?” ಎಂದ. ಅವಳ ಸ್ಕೂಲಿನಲ್ಲಿ ಎಲ್ಲರೂ ಅವಳನ್ನು ಹಾಗೇ ಕರೆಯುತ್ತಿದ್ದರು. ನಿಧಿ ಹೌದೆಂದು ತಲೆಯಾಡಿಸಿದಳು. ಅವನು ವಾಕಿಟಾಕಿಯಲ್ಲಿ, ಮಗು ಸಿಕ್ಕಿದೆ, ಮನೆಯವರ ಜೊತೆಗಿದೆ, ಎಲ್ಲರೂ ಕೆಳಗೆ ಬನ್ನಿ ಎಂದು ಹೇಳಿಬಿಟ್ಟ.

ಗಿರೀಶ್ ಕಾರನ್ನು ಪಾರ್ಕಿಂಗಿಗೆ ತಿರುಗಿಸಿ ಇಳಿದು ಅವನ ಹಿಂದೆ ಓಡಿದರು. ಇದು ನಮ್ಮ ಮಗಳು, ಇವಳು ಕಳೆದೇ ಇರಲಿಲ್ಲ, ನೀವು ಹುಡುಕುತ್ತಿರುವುದು ಬೇರೆ ಮಗುವನ್ನು, ದಯವಿಟ್ಟು ಹುಡುಕುವುದನ್ನು ನಿಲ್ಲಿಸಬೇಡಿ ಎಂದು ಬೇಡಿಕೊಂಡರು. ನಾನೂ ಇಳಿದು ಅದನ್ನೇ ಹೇಳಿದೆ. ರೇಂಜರ್ ನಮ್ಮಿಬ್ಬರನ್ನೂ ಕನಿಕರದಿಂದ ನೋಡಿದ. ಇಂಥ ಹೊತ್ತಿನಲ್ಲಿ ಜನ ಹೇಗೆ ಗಲಿಬಿಲಿಗೊಳ್ಳುತ್ತಾರೆಂದು ಅವನಿಗೆ ಅಭ್ಯಾಸವಾಗಿತ್ತೋ ಏನೋ. ಸರ್, ಹೆಸರು ನೀವೇ ಹೇಳಿದ್ದು, ಹಳದಿ ಜಾಕೆಟ್ಟು ಅಂತಲೂ ನೀವೇ ಹೇಳಿದ್ದು ಎಂದ. ನಿಧಿ ಹಳದಿ ಜಾಕೆಟ್ಟನ್ನೇ ಹಾಕಿಕೊಂಡಿದ್ದಳು. ನನ್ನ ಕಡೆ ತಿರುಗಿ, ಮೇಲಿನ ಕಾಡು ಬಿಟ್ಟು ನೀವು ಕೆಳಗೆ ಬರಲು ಒಪ್ಪಿದ್ದು ಒಳ್ಳೆಯದಾಯಿತು ಮೇಡಂ, ಇಷ್ಟು ಹೊತ್ತು ಎಷ್ಟು ಕರೆದರೂ ಬರಲಿಲ್ಲವಲ್ಲ ಎಂದ.

ಆಗ ನಾನು ಹಿಂದೆ ತಿರುಗಿ ನೋಡಿದೆ. ಅತ್ತೆ ಕಾರಿನಿಂದಿಳಿದು ಬಾಗಿಲ ಪಕ್ಕ ನಿಂತಿದ್ದರು. ಅವರ ಪಕ್ಕ ನಿಧಿ ಇರಲಿಲ್ಲ. ಕಾರಿನೊಳಗೂ ಇರಲಿಲ್ಲ.

“ಅತ್ತಿ, ನಿಧಿ ಎಲ್ಲಿ?” ಎಂದೆ. ಎಷ್ಟೋ ವರ್ಷದಿಂದ ಅವರೊಂದಿಗೆ ಮೈಸೂರಿನವರ ಹಾಗೇ ಮಾತಾಡುತ್ತಿದ್ದೆ. ಆ ಗಾಬರಿಯಲ್ಲಿ ನನ್ನ ಬಾಯಿಂದ ಹುಬ್ಬಳ್ಳಿಯ ಮಾತೇ ಬಂತು. ಅತ್ತೆ ತಮ್ಮ ಕೈ ನೋಡಿಕೊಂಡರು.

ಮಂಜಿನಲ್ಲಿ ಹತ್ತು ಹೆಜ್ಜೆಯಾಚೆ ಏನೂ ಕಾಣುತ್ತಿರಲಿಲ್ಲ. ಪಾರ್ಕಿಂಗಿನ ಅಂಚಿಗೆ ಓಡಿ, ಕಾಡಿನ ಕಡೆ ಮುಖ ಮಾಡಿ ಜೋರಾಗಿ ಕೂಗಿದೆ. “ನಿಧೀ... ಎಲ್ಲಿ ಅದೀಯವ್ವಾ...”

ನಾನು ಕೂಗಿ ಮುಗಿಸುವುದಕ್ಕೆ ಮುಂಚೆಯೇ ಮೇಲಿನ ಬೆಟ್ಟದಿಂದ ಇನ್ನೊಂದು ಕೂಗು ಬಂತು. ಅದು ದೂರದಲ್ಲಿತ್ತು, ಮಂಜಿನಲ್ಲಿ ಅರ್ಧಂಬರ್ಧ ಕೇಳಿಸುತ್ತಿತ್ತು. ಪ್ರತಿಧ್ವನಿಯಾಗಿದ್ದರೆ ನನ್ನ ಮಾತಿನ ಹಿಂದೆ ಬರಬೇಕಿತ್ತು. ಅದು ನನ್ನ ಮಾತಿನ ಜೊತೆಗೇ, ಒಂದು ಸಲ ಮುಂದಾಗಿಯೇ ಬಂತು. ಅದೇ ಹೆಸರು. ಅದೇ “ಎಲ್ಲಿ ಅದೀಯವ್ವಾ”. ಕೆರೊಲಿನಾದ ಕಾಡಿನಲ್ಲಿ ನಿಂತು ಹಾಗೆ ಕರೆಯಲು ಹುಬ್ಬಳ್ಳಿ ಧಾರವಾಡದ ಇನ್ನೊಬ್ಬ ತಾಯಿ ಎಲ್ಲಿಂದ ಬರಬೇಕು? ಗಿರೀಶ್ ನನ್ನ ಹಿಂದೆಯೇ ಓಡಿಬಂದಿದ್ದರು. ಅವರೂ ಕೇಳಿದರು. ಅವರ ಕೈ ನನ್ನ ಭುಜದ ಮೇಲೆ ಬಿಗಿಯಾದದ್ದು ನನಗೆ ಗೊತ್ತಾಯಿತು.

ಇನ್ನೊಮ್ಮೆ ಕೂಗಿದೆ, ನನ್ನ ಎದೆಯಲ್ಲಿದ್ದ ಉಸಿರನ್ನೆಲ್ಲ ಹಾಕಿ. ಅಷ್ಟರಲ್ಲಿ ಎಡಗಡೆಯ ಮರಗಳ ನಡುವಿನಿಂದ, ಹಳ್ಳದ ಕಡೆಯಿಂದ ನಿಧಿ ನಡೆದು ಬಂದಳು. ಓಡಿಕೊಂಡು ಬರಲಿಲ್ಲ, ಅಳುತ್ತಲೂ ಇರಲಿಲ್ಲ. ಶೂಗಳು ಒದ್ದೆಯಾಗಿದ್ದವು. ನಾನು ಅವಳನ್ನು ಎತ್ತಿಕೊಂಡಾಗ ಅವಳು ನನ್ನ ಕುತ್ತಿಗೆಗೆ ಕೈ ಹಾಕಿ, “ಅಮ್ಮಾ, ನಂಗೆ ತುಂಬಾ ಹಸಿವು” ಎಂದಳು.

ಅವಳು ನಮ್ಮ ಕಣ್ಣಿಂದ ಮರೆಯಾಗಿದ್ದು ಎಷ್ಟು ಹೊತ್ತು ಎಂದು ನಾವು ಆಮೇಲೆ ಎಷ್ಟೋ ಸಲ ಲೆಕ್ಕ ಹಾಕಿದ್ದೇವೆ. ರೇಂಜರ್ ಜೊತೆ ನಾವಾಡಿದ ಮಾತು ಕೆಲವೇ ನಿಮಿಷದ್ದು. ಅದಕ್ಕಿಂತ ಹೆಚ್ಚಿರಲು ಸಾಧ್ಯವೇ ಇಲ್ಲ.

ಗಿರೀಶ್ ಮತ್ತೆ ರೇಂಜರ್ ಹತ್ತಿರ ಹೋಗಿ, ಮೇಲೆ ಒಬ್ಬಳು ಹೆಂಗಸು ಇನ್ನೂ ಕೂಗುತ್ತಿದ್ದಾಳೆ, ದಯವಿಟ್ಟು ಯಾರಾದರೂ ಹೋಗಿ ನೋಡಿ ಎಂದರು. ಅವನು ಕಿವಿಗೊಟ್ಟು ಕೇಳಿದ. ನಾವೂ ಕೇಳಿದೆವು. ನೀರು ಬೀಳುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಸರಿ, ನೋಡುತ್ತೇವೆ, ನೀವು ಮಗುವನ್ನು ಬೆಚ್ಚಗೆ ಮನೆಗೆ ಕರೆದುಕೊಂಡು ಹೋಗಿ ಎಂದು ಅವನು ನಮ್ಮನ್ನು ಕಾರಿಗೆ ಹತ್ತಿಸಿದ.

ದಾರಿಯಲ್ಲಿ ನಿಧಿ ಚಪಾತಿ ತಿಂದಳು, ಚಿತ್ರಾನ್ನ ತಿಂದಳು, ಮನೆಯಲ್ಲಿ ಮುಟ್ಟದ ಮೊಸರನ್ನವನ್ನೂ ಡಬ್ಬಿ ಖಾಲಿ ಮಾಡಿ ತಿಂದಳು. ಹೋಟೆಲಿನಲ್ಲಿ ಹೊಟ್ಟೆ ತುಂಬ ತಿಂದು ಬಂದಿದ್ದ ಮಗು. ಆಮೇಲೆ ಮಲಗಿದವಳು ಅಟ್ಲಾಂಟಾ ಬರುವವರೆಗೆ ಏಳಲಿಲ್ಲ. ಬೆಟ್ಟ ಪೂರ್ತಿ ಇಳಿದು ಬಿಸಿಲು ಕಂಡ ಮೇಲೆ ಅತ್ತೆ ಮೊದಲ ಸಲ ಮಾತಾಡಿದರು. “ನಾನು ಕೈ ಬಿಟ್ಟಿರ್ಲಿಲ್ಲ ಕಣಮ್ಮ” ಎಂದರು. “ನೀವು ಮಾತಾಡ್ತಿದ್ದಷ್ಟು ಹೊತ್ತೂ ಅವಳ ಕೈ ನನ್ನ ಕೈಯಲ್ಲೇ ಇತ್ತು. ನೀನು ಎಲ್ಲಿ ಅಂತ ಕೇಳಿದಾಗ್ಲೂ ಇತ್ತು. ಆಮೇಲೆ ನೋಡ್ತೀನಿ, ಇಲ್ಲ.”

ಮರುದಿನ ಗಿರೀಶ್ ಆ ಕಡೆಯ ಅರಣ್ಯ ಕಚೇರಿಯ ನಂಬರು ಹುಡುಕಿ ಫೋನ್ ಮಾಡಿದರು. ಅಲ್ಲಿದ್ದವರು ಮರ್ಯಾದೆಯಿಂದಲೇ ಉತ್ತರ ಕೊಟ್ಟರು. ಹೌದು, ನಿನ್ನೆ ಒಂದು ಮಗು ತಪ್ಪಿಸಿಕೊಂಡಿತ್ತು, ಮಧ್ಯಾಹ್ನವೇ ಸಿಕ್ಕಿತು, ಇಂಡಿಯಾದ ಕುಟುಂಬ, ನಾಲ್ಕು ಜನ, ಕ್ಷೇಮವಾಗಿ ಹೋದರು. ಬೇರೆ ಯಾರಾದರೂ? ಯಾರೂ ಇಲ್ಲ. ಜಲಪಾತದ ದಾರಿಯ ತುದಿಯವರೆಗೆ ಹೋಗಿ ನೋಡಿಯೇ ಗೇಟು ಹಾಕಿದ್ದು, ಪಾರ್ಕಿಂಗಿನಲ್ಲಿ ಒಂದೂ ಕಾರು ಉಳಿದಿರಲಿಲ್ಲ ಎಂದರು.

ಆಗ ಅಟ್ಲಾಂಟಾದಲ್ಲಿ ಕನ್ನಡದ ಮನೆಗಳು ಕಡಿಮೆ. ಯಾರ ಮನೆಗೆ ಹೊಸ ಗ್ರೈಂಡರ್ ಬಂದರೂ ಎಲ್ಲರಿಗೂ ಗೊತ್ತಾಗುತ್ತಿದ್ದ ಕಾಲ. ದೀಪಾವಳಿಗೆ ಎಲ್ಲರೂ ಸೇರಿದಾಗ ಸುಮ್ಮನೆ ಮಾತಿಗೆಂಬಂತೆ ವಿಚಾರಿಸಿದೆ. ಆ ಶನಿವಾರ ಬೆಟ್ಟದ ಕಡೆ ಹೋದವರು ಯಾರೂ ಇರಲಿಲ್ಲ. ಉತ್ತರ ಕೆರೊಲಿನಾದ ಷಾರ್ಲಟ್ ಕಡೆಯ ಪರಿಚಯದವರನ್ನೂ ಕೇಳಿದೆ. ಇಲ್ಲ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಆ ಭಾನುವಾರ ಅತ್ತೆ ನಿಧಿಗೆ ಎಣ್ಣೆ ಹಚ್ಚಿ ತಲೆಗೆ ಸ್ನಾನ ಮಾಡಿಸಿದರು. ಟವೆಲ್ ಕೊಡಲು ಹೋದವಳು ಬಾಗಿಲಲ್ಲಿ ನಿಂತು ನೋಡಿದೆ. ಅವರು ಅವಳ ಎಡಗಿವಿಯನ್ನು ಮಡಚಿ, ಅದರ ಹಿಂದೆ ಹುಟ್ಟಿನಿಂದಲೇ ಇರುವ ಮಚ್ಚೆಯನ್ನು ಬೆರಳಿಂದ ಉಜ್ಜಿ ನೋಡುತ್ತಿದ್ದರು. ನನ್ನನ್ನು ಕಂಡು ಕೈ ತೆಗೆದರು. ನಾನು ಕಾಣದವಳ ಹಾಗೆ ಟವೆಲ್ ಇಟ್ಟು ಬಂದೆ. ಅದೇ ಮಚ್ಚೆಯನ್ನು ಹಿಂದಿನ ಸಂಜೆ ಅವಳು ಮಲಗಿದ್ದಾಗ ನಾನೂ ನೋಡಿಯಾಗಿತ್ತು. ಇರಬೇಕಾದ ಕಡೆಯೇ ಇತ್ತು.

ಅತ್ತೆ ಊರಿಗೆ ಹೋದರು. ನಾವು ಕೆಲವು ವರ್ಷಗಳ ನಂತರ ವರ್ಜೀನಿಯಾಕ್ಕೆ ಬಂದು ಇಲ್ಲಿಯೇ ನೆಲೆಸಿದೆವು. ಆ ದಿನದ ವಿಷಯವನ್ನು ನಿಧಿಗೆ ನಾವು ಯಾವತ್ತೂ ಹೇಳಲಿಲ್ಲ. ನಮ್ಮನಮ್ಮಲ್ಲೂ ಮಾತಾಡುವುದು ಕಡಿಮೆಯಾಗುತ್ತ ಬಂತು. ಹೆದರಿದ ಮನಸ್ಸು, ಮಂಜು, ಯಾರೋ ಅಪರಿಚಿತರ ತಪ್ಪು ಗುರುತು ಎಂದು ಗಿರೀಶ್ ಒಂದು ತೀರ್ಮಾನಕ್ಕೆ ಬಂದುಬಿಟ್ಟಿದ್ದರು. ನಾನೂ ಒಪ್ಪಿಕೊಂಡವಳ ಹಾಗೆ ಇದ್ದೆ.

ನಿಧಿ ಕಾಲೇಜಿಗೆ ಸೇರಿದ ವರ್ಷ ರಜೆಗೆ ಮನೆಗೆ ಬಂದಿದ್ದಳು. ಇಬ್ಬರೂ ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದೆವು. ಕ್ಲಾಸಿನಲ್ಲಿ ಎಲ್ಲರನ್ನೂ, ನಿಮಗೆ ನೆನಪಿರುವ ಮೊದಲ ಭಯ ಯಾವುದು ಎಂದು ಕೇಳಿದ್ದರಂತೆ.

“ನಾನು ಏನು ಹೇಳ್ದೆ ಗೊತ್ತಾ ಅಮ್ಮ? ಚಿಕ್ಕೋಳಿದ್ದಾಗ ಕಾಡಲ್ಲಿ ಕಳೆದುಹೋಗಿದ್ನಲ್ಲ, ಅದು” ಎಂದಳು.

ನನ್ನ ಕೈ ನಿಂತಿತು. “ಯಾವಾಗ ಕಳೆದುಹೋಗಿದ್ದೆ ನೀನು?”

“ಅಜ್ಜಿ ಬಂದಿದ್ರಲ್ಲ ಆವಾಗ. ವಾಟರ್‌ಫಾಲ್ಸ್ ಹತ್ರ. ತುಂಬಾ ಹೊತ್ತು ನಡೀತಾನೇ ಇದ್ದೆ. ಇಟ್ ವಾಸ್ ಸೋ ಕೋಲ್ಡ್. ಒಂದು ಬಂಡೆ ಕೆಳಗೆ ಮಲ್ಕೊಂಡೂ ಇದ್ದೆ.”

“ಅದು ಎರಡು ನಿಮಿಷ ಕಣೇ” ಎಂದೆ.

“ನೋ ಅಮ್ಮ. ತುಂಬಾ ಹೊತ್ತು.” ಅವಳು ಅವರೆಕಾಯಿ ಬಿಡಿಸುತ್ತಲೇ ಇದ್ದಳು. ಹಳೆಯ ಕಥೆ ಹೇಳುವವರ ಹಾಗೆ ಹಗುರವಾಗಿಯೇ ಹೇಳುತ್ತಿದ್ದಳು. “ಆಮೇಲೆ ನೀನು ಕರೆಯೋದು ಕೇಳಿಸ್ತು. ಆದ್ರೆ ಎರಡು ಕಡೆಯಿಂದ. ಎರಡೂ ಕಡೆ ನೀನೇ. ಯಾವ ಕಡೆ ಹೋಗ್ಬೇಕು ಅಂತ ಗೊತ್ತಾಗ್ಲಿಲ್ಲ. ಮೇಲಿನ ಕಡೇದು ಹತ್ರ ಇತ್ತು. ಬಟ್ ಯುವರ್ ವಾಯ್ಸ್ ವಾಸ್ ಆಲ್ ಗಾನ್. ಅತ್ತು ಅತ್ತು ಗಂಟಲು ಹೋದೋರ ಥರ. ನಂಗೆ ಅದು ಕೇಳಿ ಭಯ ಆಯ್ತು. ಅದಕ್ಕೇ ಇನ್ನೊಂದು ಕಡೆ ಬಂದೆ.”

ಅವಳು ನನ್ನ ಮುಖ ನೋಡಿದಳು. “ಯಾಕಮ್ಮ?”

“ಏನಿಲ್ಲ” ಎಂದೆ. “ಸರಿಯಾದ ಕಡೆಗೇ ಬಂದೆ ಬಿಡು.”

ಅವಳು ನಕ್ಕು ಬೇರೆ ಮಾತು ತೆಗೆದಳು. ನಾನು ಹಾಗೆ ಹೇಳಿದ್ದಕ್ಕೆ ನನ್ನ ಹತ್ತಿರ ಯಾವ ಆಧಾರವಿತ್ತೋ ನನಗೆ ಇವತ್ತಿಗೂ ತಿಳಿಯದು. ಗಿರೀಶರಿಗೆ ಇದನ್ನು ಹೇಳಿಲ್ಲ. ಮಗಳು ಈಗ ದೊಡ್ಡವಳಾಗಿದ್ದಾಳೆ, ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ, “ಅಮ್ಮಾ” ಎಂದು ಕರೆಯುತ್ತಾಳೆ. ನಾನು ಓಗೊಡುತ್ತೇನೆ. ಆದರೆ ಒಮ್ಮೊಮ್ಮೆ, ಆ ಮಂಜಿನಲ್ಲಿ ಅಷ್ಟು ಹೊತ್ತಿನಿಂದ ಕೂಗುತ್ತಿದ್ದವಳು ಆಮೇಲೆ ಏನು ಮಾಡಿದಳು, ಯಾರ ಕೈ ಹಿಡಿದು ಮನೆಗೆ ಹೋದಳು ಎಂಬ ಯೋಚನೆ ಬರುತ್ತದೆ.